ಹೆಸರು ಬದಲಾದ ಪ್ಯಾಕೇಜು, ನಿಂತುಹೋದ ಅಪ್‌ಗ್ರೇಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉಬುಂಟು ಲಿನಕ್ಸಿನ 22.04ರಲ್ಲಿ ಸಲೀಸಾಗಿ ಓಡುತ್ತಿದ್ದ ಇನ್‌ಸ್ಟಾಲ್ ಸ್ಕ್ರಿಪ್ಟು 24.04ರಲ್ಲಿ ಲಿಬ್‌ಅಸೌಂಡ್2 ಎಂಬ ಧ್ವನಿ ಲೈಬ್ರರಿಯ ಹತ್ತಿರ ನಿಲ್ಲುತ್ತದೆ. ‘ಇನ್‌ಸ್ಟಾಲೇಶನ್ ಕ್ಯಾಂಡಿಡೇಟ್ ಇಲ್ಲ’ ಎನ್ನುತ್ತದೆ. ಪ್ಯಾಕೇಜನ್ನು ತೆಗೆದೇಬಿಟ್ಟರೇ?

ಉತ್ತರ: ತೆಗೆದಿಲ್ಲ, ಹೆಸರು ಲಿಬ್‌ಅಸೌಂಡ್2ಟಿ64 ಎಂದಾಗಿದೆ. 32 ಬಿಟ್‌ನ ಸಮಯದ ಎಣಿಕೆ 2038ರ ಜನವರಿಗೆ ತುಂಬಿಹೋಗುತ್ತದೆ. ಅದನ್ನು 64 ಬಿಟ್‌ಗೆ ಹಿಗ್ಗಿಸಿದಾಗ ಲೈಬ್ರರಿಗಳ ಎಬಿಐ (ಕಂಪೈಲ್ ಆದ ಪ್ರೋಗ್ರಾಂಗೂ ಲೈಬ್ರರಿಗೂ ನಡುವಿನ ಹೊಂದಾಣಿಕೆ) ಮುರಿಯಿತು. ಹಳೆಯದರೊಂದಿಗೆ ಬೆರೆಯದಿರಲೆಂದು ಹೆಸರಿನ ಬಾಲಕ್ಕೆ ಟಿ64 ಸೇರಿಸಿದರು. 64 ಬಿಟ್ ಯಂತ್ರಕ್ಕೆ ಈ ತೊಂದರೆಯೇ ಇರಲಿಲ್ಲ, ಹೆಸರು ಮಾತ್ರ ಅಲ್ಲೂ ಬದಲಾಯಿತು.

ಹೊಸ ಪ್ಯಾಕೇಜು ತನ್ನ ‘ಪ್ರೊವೈಡ್ಸ್’ ಸಾಲಿನಲ್ಲಿ ಹಳೆಯ ಹೆಸರನ್ನೂ ಹೇಳಿಕೊಂಡಿದೆ. ಆದರೆ ಲಿಬ್‌ಒಎಸ್‌ಎಸ್4-ಸಾಲ್ಸಾ-ಅಸೌಂಡ್2 ಎಂಬ ಬೇರೊಂದು ಪ್ಯಾಕೇಜು ಕೂಡ ಅದೇ ಹೆಸರು ತನ್ನದೆನ್ನುತ್ತದೆ. ಹಕ್ಕುದಾರರು ಇಬ್ಬರಾದರೆ ಪ್ಯಾಕೇಜುಗಳನ್ನು ತರುವ ಆಪ್ಟ್ ಆರಿಸುವ ಗೋಜಿಗೆ ಹೋಗದೆ ಕೈಚೆಲ್ಲುತ್ತದೆ. ಎರರ್‌ನ ಮೇಲಿನ ಸಾಲುಗಳಲ್ಲೇ ಇವೆರಡೂ ಹೆಸರುಗಳಿರುತ್ತವೆ, ಯಾರೂ ಅಲ್ಲಿಯವರೆಗೆ ಓದುವುದಿಲ್ಲ ಅಷ್ಟೆ. ಸ್ಕ್ರಿಪ್ಟಿನಲ್ಲಿ ಹೊಸ ಹೆಸರನ್ನೇ ಬರೆಯಿರಿ. ಎರಡೂ ಬಿಡುಗಡೆಗಳಿಗೆ ಒಂದೇ ಸ್ಕ್ರಿಪ್ಟು ಬೇಕಾದರೆ, ಹೊಸ ಹೆಸರಿಗೆ ಕ್ಯಾಂಡಿಡೇಟ್ ಇದೆಯೇ ಎಂದು ಮೊದಲು ‘ಆಪ್ಟ್-ಕ್ಯಾಶ್ ಪಾಲಿಸಿ’ಯಲ್ಲಿ ನೋಡಿ, ಇಲ್ಲದಿದ್ದರೆ ಹಳೆಯದಕ್ಕೆ ಹೋಗಲಿ. 22.04ರ ಡೆಬ್ (ಪ್ಯಾಕೇಜು) ಫೈಲನ್ನು ತಂದು ತುರುಕಬೇಡಿ: ಹೊಸದು ಹಳೆಯದನ್ನು ‘ಬ್ರೇಕ್ಸ್’ ಎಂದು ಸಾರಿದೆ, ಎರಡೂ ಒಟ್ಟಿಗೆ ಬಾಳವು.

ಪ್ರಶ್ನೆ: ನಮ್ಮದೇ ಪ್ಯಾಕೇಜಿಗೆ 2.0ರಿಂದ ಹೊಸ ಹೆಸರಿಟ್ಟೆವು. ಹಳೆಯದಿರುವ ಯಂತ್ರಗಳಲ್ಲಿ ಪ್ಯಾಕೇಜು ಹಾಕುವ ಡಿಪಿಕೆಜಿ ‘ಟ್ರೈಯಿಂಗ್ ಟು ಓವರ್‌ರೈಟ್’ ಎಂದು ನಿಲ್ಲುತ್ತಿದೆ. ಬಲವಂತವಾಗಿ ಮೇಲೆ ಬರೆಸುವ ಫೋರ್ಸ್-ಓವರ್‌ರೈಟ್ ಕೊಡಬಹುದೇ?

ಉತ್ತರ: ಬೇಡ. ಒಂದೇ ಫೈಲಿಗೆ ಇಬ್ಬರು ಒಡೆಯರು ಎಂಬುದು ಇಲ್ಲಿಯ ಜಗಳ, ಅದನ್ನು ಪ್ಯಾಕೇಜಿನ ವಿವರವಿರುವ ಕಂಟ್ರೋಲ್ ಫೈಲಿನಲ್ಲೇ ಬಗೆಹರಿಸಬೇಕು. ಹೊಸ ಪ್ಯಾಕೇಜಿನಲ್ಲಿ ‘ಬ್ರೇಕ್ಸ್’ ಮತ್ತು ‘ರಿಪ್ಲೇಸಸ್’ (ಹಳೆಯದರ ಫೈಲುಗಳ ಮೇಲೆ ಬರೆಯಲು ಒಪ್ಪಿಗೆ) ಎರಡನ್ನೂ ಹಾಕಿ, ಎರಡಕ್ಕೂ ಹಳೆಯ ಹೆಸರು (<< 2.0~), ಅಂದರೆ 2.0ಕ್ಕಿಂತ ಹಳೆಯದು, ಎಂದು ಕೊಡಿ. ಕೊನೆಯ ಟಿಲ್ಡೆಯನ್ನು (~) ಮರೆಯಬೇಡಿ. ಆವೃತ್ತಿಗಳ ಹೋಲಿಕೆಯಲ್ಲಿ ಟಿಲ್ಡೆ ಎಲ್ಲಕ್ಕಿಂತ ಕೆಳಗೆ ನಿಲ್ಲುವುದರಿಂದ, ಮಿತಿಯನ್ನು 2.0-1 ಎಂದಿಟ್ಟರೆ ಬ್ಯಾಕ್‌ಪೋರ್ಟ್ ಆದ (ಹಳೆಯ ಬಿಡುಗಡೆಗೆಂದು ಮತ್ತೆ ಕಟ್ಟಿದ) 2.0-1~ ಆವೃತ್ತಿಯೂ ‘ಹಳೆಯದು’ ಎಂದೇ ಲೆಕ್ಕಕ್ಕೆ ಬರುತ್ತದೆ.

ಇಷ್ಟಕ್ಕೇ ಬಳಕೆದಾರರು ಹೊಸದಕ್ಕೆ ಬಂದುಬಿಡುವುದಿಲ್ಲ. ಹಳೆಯ ಹೆಸರಿನಲ್ಲೇ 2.0 ಆವೃತ್ತಿಯ ಖಾಲಿ ಪ್ಯಾಕೇಜೊಂದನ್ನು ಬಿಡುಗಡೆ ಮಾಡಿ. ಅದರೊಳಗೆ ಹೊಸದರ ಮೇಲಿನ ‘ಡಿಪೆಂಡ್ಸ್’ ಸಾಲು ಸಾಕು, ಸೆಕ್ಷನ್ ಸಾಲಿನಲ್ಲಿ ಓಲ್ಡ್‌ಲಿಬ್ಸ್. ಆರ್‌ಪಿಎಂನಲ್ಲಿ (ಫೆಡೋರಾ ಬಳಗದ ಪ್ಯಾಕೇಜು ವ್ಯವಸ್ಥೆ) ಈ ಖಾಲಿ ಪ್ಯಾಕೇಜು ಬೇಕಿಲ್ಲ, ‘ಅಬ್ಸೊಲೀಟ್ಸ್’ (ಹಳೆಯ ಹೆಸರಿನ ಬದಲು ಇದು) ಜೊತೆ ‘ಪ್ರೊವೈಡ್ಸ್’ ಬರೆದರಾಯಿತು. ‘ಅಬ್ಸೊಲೀಟ್ಸ್’ಗೆ ಆವೃತ್ತಿಯ ಮಿತಿ ಮಾತ್ರ ಇರಲೇಬೇಕು, ಇಲ್ಲದಿದ್ದರೆ ಮುಂದೆಂದಾದರೂ ಹಳೆಯ ಹೆಸರಿಗೆ ಮರಳುವ ದಾರಿ ಮುಚ್ಚುತ್ತದೆ.

ಪ್ರಶ್ನೆ: 2024.1 ಆವೃತ್ತಿಯ ನಂತರ 1.0 ಬಿಡುಗಡೆ ಮಾಡಿದೆವು. ಯಾರಿಗೂ ಅಪ್‌ಗ್ರೇಡ್ ಸಿಗುತ್ತಿಲ್ಲ.

ಉತ್ತರ: 1.0 ಚಿಕ್ಕದಲ್ಲವೇ! ಎಪಕ್ (ಆವೃತ್ತಿಗಿಂತ ಮೊದಲು ಹೋಲಿಕೆಗೆ ಬರುವ ಸಂಖ್ಯೆ) ಸೇರಿಸಿ 1:1.0 ಮಾಡಿ. ಒಮ್ಮೆ ಹಾಕಿದ ಎಪಕ್ಕನ್ನು ಆ ಹೆಸರಿರುವವರೆಗೂ ಹೊತ್ತೇ ನಡೆಯಬೇಕು.