ಶಾಮಿಯಾನದ ಕೆಳಗಿನ ಮುಖ

ಪ್ರಶ್ನೆ: ನಮ್ಮ ಊರ ಕಡೆ ಮದುವೆ ಫೋಟೋ ತೆಗೆಯುತ್ತೇನೆ. ಶಾಮಿಯಾನದ ಕೆಳಗೆ ತೆಗೆದರೆ ಎಲ್ಲರ ಮುಖವೂ ಕಿತ್ತಳೆ ಹಣ್ಣು! ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಆರೆಂಜ್ ಸ್ಯಾಚುರೇಶನ್ (ಕಿತ್ತಳೆ ಬಣ್ಣದ ಗಾಢತೆ) ಇಳಿಸಿದರೆ ಬೂದಿ ಬಳಿದಂತೆ ಆಗುತ್ತದೆ. ಜೊತೆಗೆ ಮನೆಯವರದು ‘ಹುಡುಗಿ ಸ್ವಲ್ಪ ಬೆಳ್ಳಗೆ ಕಾಣಲಿ’ ಅಂತ ಒತ್ತಾಯ. ಏನು ಮಾಡಲಿ?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ಆರೆಂಜ್ ಸ್ಲೈಡರ್ ಬಿಡಿ. ತಪ್ಪು ಮುಖದ್ದಲ್ಲ, ಮೇಲೆ ಕಟ್ಟಿದ ಬಟ್ಟೆಯದು. ಕೆಂಪು-ಹಳದಿ ಬಟ್ಟೆಯಲ್ಲಿ ಸೋಸಿ ಬಂದ ಬಿಸಿಲು ವರನ ಬಿಳಿ ಪಂಚೆಯನ್ನೂ ಬಿಟ್ಟಿರುವುದಿಲ್ಲ, ನೋಡಿ. ಹಾಗಾಗಿ ವೈಟ್ ಬ್ಯಾಲೆನ್ಸ್ ಐಡ್ರಾಪರ್ (ಬಿಳಿ ಯಾವುದೆಂದು ತೋರಿಸಿ ಬಣ್ಣ ಸರಿಪಡಿಸುವ ಸಾಧನ) ತಗೊಂಡು ಪಂಚೆಯ ಮೇಲೇ ಒತ್ತಿ. ಜರಿ ಅಂಚಿನ ಹತ್ತಿರ ಬೇಡ, ಬಿಸಿಲು ಬಿದ್ದು ಪೂರ್ತಿ ಬೆಳ್ಳಗಾದ ಜಾಗವೂ ಬೇಡ. ನೀಲಿ ಹಾಕಿ ಒಗೆದ ಪಂಚೆಯಾದರೆ ಫೋಟೋ ಹಳದಿಗೆ ವಾಲುತ್ತದೆ, ಆಗ ಟೆಂಪರೇಚರ್ ಸ್ಲೈಡರನ್ನು ಒಂಚೂರು ಹಿಂದಕ್ಕೆ, ನೀಲಿಯ ಕಡೆಗೆ ಎಳೆಯಿರಿ. ಇಷ್ಟೆಲ್ಲ ಚೆನ್ನಾಗಿ ಆಗುವುದು ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಉಳಿಸಿದ ಮೂಲ ಫೈಲ್) ಇದ್ದರೆ. ಜೆಪೆಗ್‌ನಲ್ಲಿ ಅಷ್ಟು ಎಳೆದಾಡಲು ಆಗುವುದಿಲ್ಲ.

ಈಗ ಕೆನ್ನೆಯ ಮೇಲೆ ಮೌಸ್ ಇಟ್ಟು ಹಿಸ್ಟೋಗ್ರಾಮ್ (ಮೂಲೆಯಲ್ಲಿ ಕಾಣುವ ಬೆಳಕಿನ ಗ್ರಾಫ್) ಕೆಳಗಿನ ಮೂರು ಅಂಕಿ ಓದಿ, ಅವು ಕೆಂಪು, ಹಸಿರು, ನೀಲಿಯ ಶೇಕಡಾ ಲೆಕ್ಕ. ಚರ್ಮ ಕಪ್ಪಿರಲಿ, ಗೋಧಿ ಬಣ್ಣವಿರಲಿ, ಕೆಂಪು ಜಾಸ್ತಿ, ಹಸಿರು ನಡುವೆ, ನೀಲಿ ಎಲ್ಲಕ್ಕಿಂತ ಕಡಿಮೆ. ಗೋಧಿ ಬಣ್ಣದ ಕೆನ್ನೆಗೆ 65, 50, 40ರ ಆಸುಪಾಸು ಬಂದರೆ ನಾನು ಸುಮ್ನೆ ಮುಂದೆ ಹೋಗುತ್ತೇನೆ. ಮೂರೂ ಒಂದಕ್ಕೊಂದು ಹತ್ತಿರ ಬಂದವೋ, ಅದೇ ನಿಮ್ಮ ಬೂದಿ. ನೀಲಿ ತೀರಾ ಇಳಿದರೆ ಅರಿಶಿನ ಹಚ್ಚಿದ ಹಾಗೆ. (ಅರಿಶಿನ ಶಾಸ್ತ್ರದ ಫೋಟೋ ಆದರೆ ಹಾಗೇ ಬಿಡಿ, ಅಲ್ಲಿರುವುದು ಅರಿಶಿನವೇ ಅಲ್ವಾ!) ಇನ್ನೊಂದು ಮಾತು, ಚಿನ್ನದಲ್ಲೂ ಆರೆಂಜ್ ಇದೆ. ಅದನ್ನು ಇಳಿಸಿದಿರೋ, ಸರ, ಬಳೆ ಎಲ್ಲ ಹಿತ್ತಾಳೆ.

ಬೆಳ್ಳಗೆ ಮಾಡುವ ವಿಷಯಕ್ಕೆ ಬಂದರೆ, ನಾನೂ ಒಮ್ಮೆ ಕೇಳಿದವರ ಮಾತಿಗೆ ತಲೆಯಾಡಿಸಿ ಪೆಟ್ಟು ತಿಂದವನು. ವಧು ಗಲ್ಲಕ್ಕೆ ಕೈ ಕೊಟ್ಟು ಕೂತ ಫೋಟೋ. ಮುಖ ಮಾತ್ರ ಎರಡು ಬಣ್ಣ ಮೇಲಕ್ಕೆತ್ತಿದೆ, ಕೈ ಮರೆತೆ. ಆಲ್ಬಮ್ ತೆರೆದ ತಾಯಿ ಮೆಹಂದಿ ಹಾಕಿದ ಆ ಬೆರಳುಗಳ ಮೇಲೆ ಬೆರಳಿಟ್ಟು, “ಇದು ಯಾರ ಕೈ?” ಅಂದರು. ಆ ಪುಟ ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಆಯಿತು.

ಮುಖ ಕಪ್ಪಗೆ ಕಾಣುವುದು ಎಷ್ಟೋ ಸಲ ಬಣ್ಣದಿಂದಲ್ಲ, ಕಣ್ಣು-ಮೂಗಿನ ಕೆಳಗಿನ ನೆರಳಿನಿಂದ. ಫೋಟೋದಲ್ಲಿನ ವ್ಯಕ್ತಿಯನ್ನಷ್ಟೇ ಆರಿಸಿ ತಿದ್ದಲು ಬಿಡುವ ಲೈಟ್‌ರೂಮ್‌ನ ಪೀಪಲ್ ಮಾಸ್ಕ್‌ನಲ್ಲಿ ಮುಖದ ಚರ್ಮ, ಮೈ ಚರ್ಮ ಎರಡನ್ನೂ ಟಿಕ್ ಮಾಡಿ. ಶ್ಯಾಡೋಸ್ (ನೆರಳಿನ ಭಾಗ) ಎತ್ತಿ, ಎಕ್ಸ್‌ಪೋಶರ್ (ಒಟ್ಟು ಬೆಳಕು) 0.3ರಷ್ಟು ಏರಿಸಿದರೆ ಸಾಕು. ಆಮೇಲೂ ಕಡಿಮೆ ಅನಿಸಿದರೆ ಆರೆಂಜ್ ಲ್ಯೂಮಿನೆನ್ಸ್ (ಕಿತ್ತಳೆ ಬಣ್ಣದ ಹೊಳಪು) 8-10 ಏರಿಸಿ, ಅದಕ್ಕಿಂತ ಮೇಲೆ ಹೋದರೆ ಮುಖ ಸಪ್ಪೆ. ಮುಂದಿನ ಮದುವೆಗೆ ಒಂದು ಥರ್ಮಾಕೋಲ್ ಶೀಟ್ ತಗೊಂಡು ಹೋಗಿ, ವಧುವಿನ ಮಡಿಲ ಮಟ್ಟದಲ್ಲಿ ಫ್ರೇಮಿನ ಹೊರಗೆ ಹಿಡಿಸಿ, ಬೆಳಕು ಅದಕ್ಕೆ ತಾಗಿ ಕೆಳಗಿನಿಂದ ಮುಖದ ನೆರಳಿಗೆ ಬೀಳುತ್ತದೆ. ಅರ್ಧ ಎಡಿಟಿಂಗ್ ಅಲ್ಲೇ ಮುಗಿಯುತ್ತದೆ.

ಆಲ್ಬಮ್‌ಗೆ ಕೊಡುವ ಮುಂಚೆ ಲ್ಯಾಬ್‌ನಲ್ಲಿ ಎರಡು 4x6 ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ. ಮನೆಯವರಿಗೂ ಅದನ್ನೇ ತೋರಿಸಿ, ಫೋನ್‌ನಲ್ಲಿ ಕಳಿಸಬೇಡಿ. ಒಂದೊಂದು ಫೋನ್‌ನಲ್ಲಿ ಒಂದೊಂದು ಬಣ್ಣ.