ಆಲೆಮನೆ ತನಕ ಸಿಗ್ನಲ್: ಫೋನ್ ಸರಪಳಿ ಬೇಡ, ಲೋರಾ ನೋಡಿ

ಪಾಂಡವಪುರದ ಮನೆಯಿಂದ ಒಂದೂವರೆ ಕಿಲೋಮೀಟರ್ ಆಚೆಯ ಆಲೆಮನೆಗೆ, ನಡುವೆ ಗದ್ದೆಯಲ್ಲಿರುವವರ ಫೋನುಗಳನ್ನೇ ಸೇರಿಸಿ ವೈಫೈ ದಾಟಿಸಬಹುದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ನೀವು ಸೋತುಹೋಗುತ್ತೀರಿ. ಫೋನಿನೊಳಗಿನ ಒಂದೇ ರೇಡಿಯೋ ಕೇಳಿಸಿಕೊಳ್ಳಲೂಬೇಕು, ಅದೇ ಚಾನೆಲ್‌ನಲ್ಲಿ ಮುಂದಕ್ಕೆ ದಾಟಿಸಲೂಬೇಕು. ಹಾಗಾಗಿ ಒಂದೊಂದು ಹಾಪ್‌ಗೂ, ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಒಂದೊಂದು ಜಿಗಿತಕ್ಕೂ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಡುವಿನವರು ಟೀ ಕುಡಿಯಲು ಎದ್ದು ಹೋದರೆ ಸರಪಳಿಯೇ ಕಡಿಯಿತು! ಮೇಲಾಗಿ ಆಳೆತ್ತರದ ಹಸಿ ಕಬ್ಬು ವೈಫೈನ 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ನುಂಗುತ್ತದೆ.

ಬರೀ ಮೆಸೇಜ್ ಸಾಕು ಅಂದರೆ ಮೆಶ್‌ಟಾಸ್ಟಿಕ್ (ಮೆಸೇಜನ್ನು ಒಂದು ರೇಡಿಯೋದಿಂದ ಇನ್ನೊಂದಕ್ಕೆ ದಾಟಿಸುವ ಸಾಫ್ಟ್‌ವೇರ್) ಹಾಕಿದ ಲೋರಾ ರೇಡಿಯೋ, ಅಂದರೆ ಕಡಿಮೆ ವಿದ್ಯುತ್ತಲ್ಲಿ ದೂರ ತಲುಪುವ ಪುಟ್ಟ ರೇಡಿಯೋ, ತಗೊಳ್ಳಿ. ನಮ್ಮಲ್ಲಿ 865–867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಇದರ ಜಾಣತನ ನೋಡಿ: ಮೆಸೇಜ್ ಕೇಳಿಸಿದ ರೇಡಿಯೋ ತಕ್ಷಣ ಕೂಗುವುದಿಲ್ಲ, ಒಂದು ಕ್ಷಣ ಕಾಯುತ್ತದೆ. ಅಷ್ಟರಲ್ಲಿ ಪಕ್ಕದ್ದು ಹೇಳಿಬಿಟ್ಟರೆ ಇದು ಸುಮ್ನಾಗುತ್ತದೆ. ಸಿಗ್ನಲ್ ಕ್ಷೀಣವಾಗಿ ಸಿಕ್ಕಿದ್ದಕ್ಕೆ ಮೊದಲ ಸರದಿ, ಯಾಕಂದರೆ ಅದು ದೂರದಲ್ಲಿರುವ ಸಾಧ್ಯತೆ ಜಾಸ್ತಿ ಅಲ್ವಾ? ಹಾಪ್ ಮಿತಿ ಮೊದಲೇ 3 ಇರುತ್ತದೆ, ಸುಮ್ನೆ ಏರಿಸಬೇಡಿ.

ಒಂದನ್ನು ತಾರಸಿಯ ನೀರಿನ ಟ್ಯಾಂಕ್ ಪಕ್ಕ ಎತ್ತರಕ್ಕೆ ಕಟ್ಟಿ, ಒಂದು ಆಲೆಮನೆಯಲ್ಲಿ, ಇನ್ನೊಂದು ಟ್ರ್ಯಾಕ್ಟರ್‌ನಲ್ಲಿ ಓಡಾಡಿಕೊಂಡಿರಲಿ. ಆಂಟೆನಾ ಹಾಕದೆ ಮಾತ್ರ ಆನ್ ಮಾಡಬೇಡಿ. ನಾನು ಹಾಗೆ ಮಾಡಿ ಒಂದು ಬೋರ್ಡ್ ಕಳೆದುಕೊಂಡೆ. ವಿಡಿಯೋ ಕಾಲ್‌ಗೆ ಇದು ಆಗುವುದಿಲ್ಲ, ಅದಕ್ಕೆ ಎದುರುಬದುರು ಕಾಣುವ ಹಾಗೆ ಎರಡು ಡಿಶ್ ಆಂಟೆನಾನೇ ಬೇಕು.