ಕೊಡದ ತಳದ ಕೆಂಪು ಗಸಿ

ಪ್ರಶ್ನೆ: ಮಗಳ ಪಠ್ಯಪುಸ್ತಕದಲ್ಲಿ ಭೂಮಿಯನ್ನು ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂದು ವಿಂಗಡಿಸಿದ್ದಾರೆ. ನಮ್ಮ ಗುಡ್ಡದ ಅದಿರು ಶಿಲಾಗೋಳದ್ದು ತಾನೇ? ಅಗೆದ ಮೇಲೆ ಅದು ಮತ್ತೆ ಬೆಳೆಯುತ್ತದೆಯೇ ಎಂದೂ ಕೇಳುತ್ತಾಳೆ.
– ಗೃಹಿಣಿ, ಸಂಡೂರು

ಉತ್ತರ: ಪರೀಕ್ಷೆಯಲ್ಲಿ ಶಿಲಾಗೋಳವೆಂದೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಬೇಡ. ಆದರೆ ಬಳ್ಳಾರಿಯಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದ ನನಗೆ ಆ ಉತ್ತರ ಅರ್ಧ ಮಾತ್ರ ಸರಿ.

ನಿಮ್ಮ ಗುಡ್ಡದ ಬುಡದಲ್ಲಿ ಪಟ್ಟೆಪಟ್ಟೆ ಕಲ್ಲು ಸಿಗುತ್ತದೆ. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಅದರ ಕಪ್ಪು ಪಟ್ಟೆಯನ್ನು ಟೈಲ್ಸಿನ ಹಿಂಬದಿಯ ಒರಟು ಮೈಗೆ ಉಜ್ಜಲು ಮಗಳಿಗೆ ಹೇಳಿ. ಕಪ್ಪು ಕಲ್ಲು ಕೆಂಪು ಗೆರೆ ಎಳೆಯುತ್ತದೆ. ಅದು ಹೆಮಟೈಟ್. ಕಬ್ಬಿಣ ಮತ್ತು ಆಮ್ಲಜನಕ ಕೂಡಿದ್ದು, ತುಕ್ಕಿನ ಹತ್ತಿರದ ನೆಂಟ. ಸುಮಾರು 270 ಕೋಟಿ ವರ್ಷಗಳ ಹಿಂದೆ ಈ ಕಲ್ಲು ಸಮುದ್ರದ ತಳದ ಕೆಸರಾಗಿತ್ತು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕಡಲಾಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ಉಪ್ಪಿನಂತೆ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಬಿಸಿಲನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳು ಅದನ್ನು ತುಕ್ಕಾಗಿಸಿ ತಳಕ್ಕಿಳಿಸಿದವು. ಮುಂದೆ ನೀರು ಇಳಿದಿಳಿದು ಪಟ್ಟೆಗಳ ನಡುವಿನ ಸಿಲಿಕಾವನ್ನು ತೊಳೆದೊಯ್ದ ಕಡೆ ಒಳ್ಳೆಯ ಅದಿರು ಉಳಿಯಿತು. ಈಗ ಹೇಳಿ, ಇದರಲ್ಲಿ ಯಾವ ಗೋಳ ಕೈ ಹಾಕದೆ ಉಳಿಯಿತು?

ಇದನ್ನು ಮನೆಯಲ್ಲೂ ನೋಡಬಹುದು. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರು ಕೊಡಕ್ಕೆ ತಿಳಿಯಾಗಿಯೇ ಬೀಳುತ್ತದೆ. ಗಾಳಿ ತಾಗಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ. ನಮ್ಮ ಮನೆಯವರು ಆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಬೈಯುತ್ತಿದ್ದರು. ನಾನು ತಿಕ್ಕುವ ಮೊದಲೇ ಅದನ್ನು ತರಗತಿಗೆ ಒಯ್ದ ದಿನಗಳೂ ಉಂಟು.

ಮತ್ತೆ ಬೆಳೆಯುತ್ತದೆಯೇ? ಇಲ್ಲ. ಕಾಲ ಸಾಲದು ಎಂಬುದಷ್ಟೇ ಕಾರಣವಲ್ಲ. ಈಗ ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ. ಅಷ್ಟೊಂದು ಕಬ್ಬಿಣ ಕಡಲಿನಲ್ಲಿ ಕರಗಿ ಅಲೆಯಲು ಅದು ಬಿಡುವುದಿಲ್ಲ. ನಮ್ಮನ್ನು ಬದುಕಿಸಿರುವ ಗಾಳಿಯೇ ಆ ಅಡುಗೆಮನೆಗೆ ಬೀಗ ಹಾಕಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ಆಮೇಲೆ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಿತಲ್ಲ, ಆ ಮಿತಿ ನನಗಂತೂ ಅತಿಯೆನಿಸಲಿಲ್ಲ.

ಪ್ರಶ್ನೆ: ನೀರು ಮುಗಿಯದ ಸಂಪನ್ಮೂಲವಂತೆ. ಹಾಗಿದ್ದರೂ ಟಿ.ಬಿ. ಡ್ಯಾಂ ತುಂಬಿದ ವರ್ಷವೂ ಎರಡನೇ ಬೆಳೆಗೆ ನೀರಿನ ಚಿಂತೆ ಏಕೆ? ಹೂಳು ತೆಗೆದರೆ ಸಾಲದೇ?
– ರೈತ, ಗಂಗಾವತಿ

ಉತ್ತರ: ನೀರು ಮರಳಿ ಬರುತ್ತದೆ, ಸರಿ. ಪಾತ್ರೆಯೇ ಕಿರಿದಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಈಗ ಸುಮಾರು 106. ಉಳಿದ ಜಾಗದಲ್ಲಿ ಕುಳಿತಿರುವುದು ಮೇಲಿನವರ ಹೊಲದ, ಗುಡ್ಡದ ಮಣ್ಣು. ಇನ್ನು ಹೂಳಿನ ಮಾತು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಟಿಪ್ಪರ್ ಒಂದಕ್ಕೆ 500 ಘನ ಅಡಿ ಎಂದು ಹಿಡಿದು, 27 ಟಿಎಂಸಿಗೆ ನೀವೇ ಗುಣಿಸಿ: 5 ಕೋಟಿ 40 ಲಕ್ಷ ಟಿಪ್ಪರ್. ನವಲಿ ಬಳಿ ಇನ್ನೊಂದು ಜಲಾಶಯ ಕಟ್ಟುವ ಮಾತು ಎದ್ದಿರುವುದು ಇದೇ ಕಾರಣಕ್ಕೆ. ಅಷ್ಟು ಹೂಳನ್ನು ಯಾರ ಹೊಲದಲ್ಲಿ ಸುರಿಯೋಣ, ನೀವೇ ಹೇಳಿ.